ಒಂದು ಬಿಲ್ಲಿಗೆ ಎರಡೆರಡು ಪ್ರಿಂಟ್ ಯಾಕೆ?

ಸಂಪಾದಕರಿಗೆ ನಮಸ್ಕಾರ.

ಶಿವಮೊಗ್ಗದ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮಗೆ ಬಿಲ್ಲುಗಳು ಇಮೇಲ್‌ನಲ್ಲಿ ಪಿಡಿಎಫ್ ಆಗಿಯೇ ಬರುತ್ತವೆ. ಅದನ್ನು ಪ್ರಿಂಟ್ ಹಾಕಿ, ಸಾಹೇಬರ ಸಹಿ ಮಾಡಿಸಿ, ಮತ್ತೆ ಸ್ಕ್ಯಾನ್ ಮಾಡಿ ಕಳಿಸುತ್ತೇವೆ, ಆಮೇಲೆ ಆಡಿಟ್‌ಗೆ ಇರಲಿ ಅಂತ ಇನ್ನೊಂದು ಪ್ರತಿ ತೆಗೆದು ಫೈಲಿಗೆ ಸೇರಿಸುತ್ತೇವೆ. ಸುಮ್ನೆ ದಂಡ ಅಲ್ವಾ?

ಕಾನೂನಿಗೆ ಕಾಗದವೇ ಬೇಕು ಅನ್ನುವವರು ಜಾಸ್ತಿ. ಹಾಗೇನಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ದಾಖಲೆಯನ್ನೂ ಡಿಜಿಟಲ್ ಸಹಿಯನ್ನೂ ಒಪ್ಪುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಕಂಪ್ಯೂಟರಿನಲ್ಲೇ ಇಡಬಹುದು. ದಿನವೂ ಬ್ಯಾಕಪ್ ತೆಗೆಯಬೇಕು, 8 ವರ್ಷ ಕಾಪಾಡಬೇಕು.

ಮಲೆನಾಡಿನಲ್ಲಿ 8 ವರ್ಷ ಕಾಗದ ಕಾಪಾಡುವುದು ಸಣ್ಣ ಕೆಲಸವಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ರೆಕಾರ್ಡ್ ರೂಮಿನ ಫೈಲುಗಳಿಗೆ ಥಂಡಿ ಹಿಡಿದು ಬೂಷ್ಟು ಬಂತು, ವೋಚರ್‌ಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲಿಕ್ಕೇ ಆಗಲಿಲ್ಲ. ಕೆಳಗಿನ ಕಪಾಟಿಗೆ ಗೆದ್ದಲು. ಪ್ರಿಂಟ್ ಇದ್ದರೆ ಭದ್ರ ಅನ್ನುವವರು ಅದನ್ನೊಮ್ಮೆ ನೋಡಬೇಕಿತ್ತು.

500 ಹಾಳೆಯ ಒಂದು ಎ4 ಬಂಡಲ್ ಸುಮಾರು ಎರಡೂವರೆ ಕೆಜಿ ತೂಗುತ್ತದೆ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗಾಗಿ ನಮ್ಮ ಗುಡ್ಡಗಳಲ್ಲಿ ಬೆಳೆಸಿದ ಅಕೇಶಿಯಾ ತೋಪು ಕಂಡವರಿಗೆ ಆ ಹಾಳೆ ಎಲ್ಲಿಂದ ಬರುತ್ತದೆ ಅಂತ ಹೇಳಬೇಕಾಗಿಲ್ಲ.

ಊರಿನ ಕಂಪನಿ ಮಾಲೀಕರು, ಆಡಿಟರ್‌ಗಳು ಈ ವರ್ಷ ಒಂದು ಕೆಲಸ ಮಾಡಲಿ. ಪಿಡಿಎಫ್ ಆಗಿ ಬಂದ ಬಿಲ್ಲನ್ನು ಪಿಡಿಎಫ್‌ನಲ್ಲೇ ಪಾಸ್ ಮಾಡಲಿ. ಪ್ರಿಂಟ್ ಬೇಕೇ ಬೇಕು ಅಂದರೆ ಹಾಳೆಯ ಎರಡೂ ಬದಿಗೆ ಹಾಕಲಿ.

– ಅಕೌಂಟ್ಸ್ ನೌಕರ, ಶಿವಮೊಗ್ಗ