ಕೀಬೋರ್ಡ್ ಮಾರುವವರು ಅದರ ಸೋರ್ಸ್ ಕೋಡನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಗಂಗಾವತಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನಾನು ದಿನವಿಡೀ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವನು. ಬೆರಳು ನೋವು ಕಡಿಮೆಯಾದೀತೆಂಬ ಆಸೆಯಿಂದ ಕಳೆದ ವರ್ಷ ಬಿಡಿಭಾಗ ಜೋಡಿಸಿ ಮಾರುವ ಒಬ್ಬರಿಂದ ಪ್ರತಿ ಕೀಗೂ ಬೇರೆ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್ ತರಿಸಿಕೊಂಡೆ. ಕೀಗಳ ಬಗ್ಗೆ ನನ್ನ ದೂರಿಲ್ಲ, ನಿಜಕ್ಕೂ ಬೆಣ್ಣೆಯಂತಿವೆ. ದೂರಿರುವುದು ಒಳಗಿನ ಮೈಕ್ರೋಕಂಟ್ರೋಲರ್‌ಗೆ (ಪುಟ್ಟ ಕಂಪ್ಯೂಟರ್ ಚಿಪ್ಪಿಗೆ) ತುಂಬಿದ್ದ ಫರ್ಮ್‌ವೇರ್ ಎಂಬ ಪ್ರೋಗ್ರಾಂ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಸೋರ್ಸ್ ಕೋಡ್, ಅಂದರೆ ಓದಿ ತಿದ್ದಬಹುದಾದ ಮೂಲ ಬರಹ, ಕೇಳಿದಾಗ ಸಿಕ್ಕ ಉತ್ತರದ ಬಗ್ಗೆ.

ಕೀಬೋರ್ಡ್ ಬಂದ ವಾರದಲ್ಲೇ ಒಂದು ಲಗ್ನಪತ್ರಿಕೆಯ ಕರಡಿನಲ್ಲಿ ‘ಅಕ್ಕಂದಿರು’ ಎಂಬುದು ‘ಅಕಖಂದಿರು’ ಎಂದು ಮೂಡಿತು. ಕಣ್ತಪ್ಪೆಂದು ತಿದ್ದಿದೆ, ಮರುದಿನ ಮತ್ತೆ ಅದೇ ಆಯಿತು. ಕಾರಣ ತಿಳಿದದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ನಮ್ಮ ಅಣ್ಣನ ಮಗನಿಂದ. ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರ ಕಳಿಸುವುದಿಲ್ಲ, ಕೀಯ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಯುಎಸ್‌ಬಿ ಕೋಷ್ಟಕದಲ್ಲಿ ‘ಕೆ’ ಕೀಗೆ 14, ‘ಎಫ್’ ಕೀಗೆ 9. ಅದನ್ನು ಕನ್ನಡ ಮಾಡುವುದು ನುಡಿಯ ಕೆಲಸ. ನುಡಿಯ ವಿನ್ಯಾಸದಲ್ಲಿ ಎಫ್ ಎಂದರೆ ಒತ್ತಕ್ಷರದ ಕೀ: ಕೆ, ಎಫ್, ಕೆ ಎಂದು ಒತ್ತಿದರೆ ‘ಕ್ಕ’. ಆದರೆ ಈ ಕೀಬೋರ್ಡ್ ಮಾಡಿದವರು ಇಂಗ್ಲಿಷ್ ಟೈಪಿಸ್ಟರಲ್ಲಿ ಬಳಕೆಯಲ್ಲಿರುವ ಪದ್ಧತಿಯಂತೆ ಎಫ್ ಕೀಗೆ ಎರಡು ಕೆಲಸ ಹಚ್ಚಿದ್ದರು. ತಟ್ಟಿ ಬಿಟ್ಟರೆ ಎಫ್, 200 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ಶಿಫ್ಟ್. ನನ್ನ ಬೆರಳು ಎಫ್ ಮೇಲೆ ಚೂರು ತಡೆದರೂ ಮುಂದಿನ ‘ಕೆ’ ಶಿಫ್ಟ್ ಜತೆ ಸೇರಿ ‘ಖ’ ಆಗುತ್ತಿತ್ತು. ಇಂಗ್ಲಿಷಿನಲ್ಲಿ ಎಫ್ ಅಷ್ಟಾಗಿ ಬಾರದ ಅಕ್ಷರ. ಕನ್ನಡದಲ್ಲಿ ಒತ್ತಿಲ್ಲದ ಸಾಲು ಎಲ್ಲಿದೆ?

ಇದರ ಜತೆಗೆ ‘ಪಿ’ ಕೀ ಒಮ್ಮೆ ಒತ್ತಿದರೆ ಆಗಾಗ ಎರಡು ಸಲ ಹತ್ತುತ್ತಿತ್ತು. ಜಿಲ್ಲೆಯ ಹೆಸರೇ ‘ಕೊಪಪ್ಪಳ’ ಆಗುತ್ತಿತ್ತು. ಸ್ವಿಚ್ಚಿನ ಲೋಹದ ಎಲೆಗಳು ಮುಟ್ಟುವಾಗ ಕ್ಷಣಕಾಲ ಅದುರುತ್ತವೆ; ಆ ಅದುರನ್ನು ಲೆಕ್ಕಕ್ಕೆ ಹಿಡಿಯದಂತೆ ಫರ್ಮ್‌ವೇರ್‌ನಲ್ಲಿ ಡಿಬೌನ್ಸ್ ಎಂಬ ಒಂದು ಕಾಲಮಿತಿ ಇರುತ್ತದೆ, ಅದು ಸಾಮಾನ್ಯವಾಗಿ 5 ಮಿಲಿಸೆಕೆಂಡ್. ಅದನ್ನು 10 ಮಾಡಿದರೆ ಸಾಕಿತ್ತು.

ಎರಡೂ ಒಂದೊಂದು ಸಾಲಿನ ತಿದ್ದುಪಡಿಗಳು. ಆದರೆ ತಿದ್ದಲು ಸೋರ್ಸ್ ಬೇಕು. ಫರ್ಮ್‌ವೇರ್ ಮತ್ತೆ ತುಂಬದೆಯೇ ಕೀ ಬದಲಿಸಬಲ್ಲ ವಯಾ ಎಂಬ ಸೌಲಭ್ಯವನ್ನೂ ಮಾರಾಟಗಾರರು ಇದರಲ್ಲಿ ಸೇರಿಸಿರಲಿಲ್ಲ. ಕೇಳಿದ್ದಕ್ಕೆ, ಅದು ನಮ್ಮ ಸ್ವಂತ ವಿನ್ಯಾಸ, ಕೊಡಲಾಗದು, ಬೇಕಾದರೆ ಕೀಬೋರ್ಡನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಕಳಿಸಿ ಎಂದರು. ಪೆಟ್ಟಿಗೆಯ ಮೇಲೆ ಮಾತ್ರ ಕ್ಯುಎಂಕೆ ಫರ್ಮ್‌ವೇರ್ ಎಂದು ಹೆಮ್ಮೆಯಿಂದ ಅಚ್ಚು ಹಾಕಿಸಿದ್ದಾರೆ. ಕ್ಯುಎಂಕೆ ಹಲವು ಜನ ಸೇರಿ ಬರೆದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿ ಬಿಟ್ಟಿರುವ ಪ್ರೋಗ್ರಾಂ. ಅದನ್ನು ಸಾಧನದಲ್ಲಿ ತುಂಬಿ ಮಾರಲು, ಲಾಭ ಮಾಡಿಕೊಳ್ಳಲು ಅಡ್ಡಿಯೇನಿಲ್ಲ. ಆದರೆ ಕೊಂಡವರು ಕೇಳಿದಾಗ ತಾವು ಮಾಡಿದ ಬದಲಾವಣೆಗಳ ಸಮೇತ ಸೋರ್ಸ್ ಕೊಡಲೇಬೇಕೆಂಬುದು ಆ ಪರವಾನಗಿಯ ಷರತ್ತು. ಬಿಟ್ಟಿ ಸಿಕ್ಕಿದ್ದನ್ನು ಬಳಸಿಕೊಂಡು ಷರತ್ತನ್ನು ಮಾತ್ರ ಮರೆಯುವುದು ಯಾವ ವ್ಯಾಪಾರ ಧರ್ಮವೋ ತಿಳಿಯದು.

ಕೊನೆಗೆ ಹುಡುಗನೇ ಒಂದು ಭಾನುವಾರ ಕೀಬೋರ್ಡ್ ಬಿಚ್ಚಿ ಕುಳಿತ. ಎಟಿಮೆಗಾ32ಯು4 ಚಿಪ್, ಅದರಲ್ಲಿರುವುದೇ 32 ಕೆಬಿ ಫ್ಲ್ಯಾಶ್ ಮೆಮೊರಿ. ಚಿಪ್ಪಿನಿಂದ ಹಳೆಯ ಪ್ರೋಗ್ರಾಂ ಓದಿಕೊಂಡರೂ ಸಿಗುವುದು ಯಂತ್ರಭಾಷೆಯೇ ಹೊರತು ತಿದ್ದಬಹುದಾದ ಸೋರ್ಸ್ ಅಲ್ಲ. ಹೀಗಾಗಿ ಕ್ಯುಎಂಕೆಯಿಂದಲೇ ಫರ್ಮ್‌ವೇರ್ ಹೊಸದಾಗಿ ಕಟ್ಟಬೇಕಿತ್ತು, ಅದಕ್ಕೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಕೀಗಳ ತಂತಿ ಚಿಪ್ಪಿನ ಯಾವ ಪಿನ್ನಿಗೆ (ಕಾಲಿಗೆ) ಹೋಗಿದೆಯೆಂದು ತಿಳಿಯಬೇಕಿತ್ತು. ಮಲ್ಟಿಮೀಟರಿನ ಒಂದು ಮೊನೆಯನ್ನು ಚಿಪ್ಪಿನ ಕಾಲಿಗೂ ಇನ್ನೊಂದನ್ನು ಸ್ವಿಚ್ಚಿನ ಇಲ್ಲವೇ ಅದರ ಡಯೋಡಿನ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೆಸುಗೆಗೂ ಹಿಡಿದು, ಬೀಪ್ ಬಂದಾಗಲೆಲ್ಲ ಯಾವ ಅಡ್ಡಸಾಲು, ಯಾವ ಕಂಬಸಾಲು ಯಾವ ಪಿನ್ನಿಗೆ ಹೋಗಿದೆಯೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ. 5 ಅಡ್ಡ, 14 ಕಂಬ, ಒಟ್ಟು 19 ಪಿನ್. ಮೊದಲ ಸಲ ಡಯೋಡಿನ ದಿಕ್ಕು ತಿರುವುಮುರುವಾಗಿ ಬರೆದದ್ದರಿಂದ ಒಂದು ಕೀಯೂ ಹತ್ತಲಿಲ್ಲ, ನನ್ನ ಎದೆ ಧಸಕ್ಕೆಂದಿತು. ಅದನ್ನು ತಿದ್ದಿ, ಎಫ್ ಕೀಯಿಂದ ಶಿಫ್ಟ್ ಕಿತ್ತು, ಡಿಬೌನ್ಸ್ 10 ಮಾಡಿ ಮತ್ತೆ ತುಂಬಿದಾಗ ‘ಅಕ್ಕ’ ಅಕ್ಕನಾಗಿಯೇ ಬಂದಳು. ಅವನ ಒಂದು ಇಡೀ ದಿನ ತಿಂದ ಆ ಪಿನ್ನುಗಳ ಪಟ್ಟಿಯನ್ನು ಮಾರಾಟಗಾರರು ಎರಡು ನಿಮಿಷದಲ್ಲಿ ಕಳಿಸಬಹುದಿತ್ತು.

ಇಂಥ ಕೀಬೋರ್ಡ್ ಮಾರುವವರು ಪಿನ್ನುಗಳ ಪಟ್ಟಿ, ಯಾವ ಕೀಗೆ ಯಾವ ಕೆಲಸವೆಂಬ ಕೀಮ್ಯಾಪ್ ಮತ್ತು ಸೋರ್ಸ್ ಕೋಡನ್ನು ಕೀಬೋರ್ಡ್ ಜತೆಗೇ ಕೊಡಲಿ. ನನ್ನಂಥ ಕನ್ನಡ ಟೈಪಿಸ್ಟರು ಹಣ ಕೊಡುವ ಮೊದಲೇ ಅದನ್ನು ಕೇಳಿಕೊಳ್ಳಲಿ. ನಮ್ಮ ಹುಡುಗ ಬರೆದ ಕಡತ ಈಗ ಅಂಗಡಿಯ ಪೆನ್‌ಡ್ರೈವ್‌ನಲ್ಲಿದೆ. ಅದೇ ಕೀಬೋರ್ಡ್ ಕೊಂಡು ಪರದಾಡುತ್ತಿರುವವರು ಯಾರೇ ಬಂದರೂ ನಕಲು ಮಾಡಿ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಡಿಟಿಪಿ ಕೆಲಸಗಾರ,
ಗಂಗಾವತಿ, ಕೊಪ್ಪಳ ಜಿಲ್ಲೆ