ಗಂಡಸೊಬ್ಬ ಜೊತೆಗಿದ್ದರೆ ಉಳಿಯುತ್ತಿದ್ದರೇ?

ಮಾನ್ಯ ಸಂಪಾದಕರೇ,

ಹಿಮಶಿಖರವೊಂದರಲ್ಲಿ ತೀರಿಕೊಂಡ ಎಂಟು ಮಹಿಳಾ ಪರ್ವತಾರೋಹಿಗಳನ್ನು ಕುರಿತ, ಅಮೆರಿಕದ ಕವಯಿತ್ರಿ ಆಡ್ರಿಯೆನ್ ರಿಚ್ ಅವರ ‘ಫ್ಯಾಂಟೇಸಿಯಾ ಫಾರ್ ಎಲ್ವೀರಾ ಶತಾಯೆವ್’ ಕವಿತೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನಕ್ಕೆ ಓದುಗರೊಬ್ಬರು ಬರೆದ ಪ್ರತಿಕ್ರಿಯೆ ಕಂಡು ಸಂಕಟವಾಯಿತು. ‘ಹೆಣ್ಣುಮಕ್ಕಳಿಗೆ ಇಂಥ ಹಠ ಬೇಕಿತ್ತೇ? ಒಬ್ಬ ಗಂಡಸಾದರೂ ಜೊತೆಗಿದ್ದಿದ್ದರೆ ಜೀವ ಉಳಿಯುತ್ತಿತ್ತು’ ಎಂದಿದ್ದಾರೆ ಅವರು. ಪದವಿ ತರಗತಿಗಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಪಠ್ಯದಲ್ಲಿ ಇಲ್ಲದಿದ್ದರೂ ಈ ಕವಿತೆಯನ್ನು ಹುಡುಗಿಯರಿಗೆ ಓದಿ ಹೇಳುತ್ತಿದ್ದೆ. ಆ ಮಾತನ್ನು ಕೇಳಿ ಸುಮ್ಮನಿರಲಾರೆ.

ನಡೆದದ್ದು 1974ರ ಆಗಸ್ಟ್‌ನಲ್ಲಿ, ಪಾಮಿರ್ ಪರ್ವತಶ್ರೇಣಿಯ ಲೆನಿನ್ ಶಿಖರದ ಮೇಲೆ. ಎತ್ತರ 7134 ಮೀಟರ್. ಆಗ ಸೋವಿಯತ್ ಒಕ್ಕೂಟದಲ್ಲಿತ್ತು, ಈಗ ಕಿರ್ಗಿಸ್ತಾನ್ ಮತ್ತು ತಜಿಕಿಸ್ತಾನದ ಗಡಿ. ಹತ್ತಿದವರು ಎಂಟು ಜನ ಹೆಂಗಸರು. ನಾಯಕಿ ಎಲ್ವೀರಾ ಎರಡು ವರ್ಷ ಮೊದಲು, 1972ರಲ್ಲಿ, ಮಹಿಳೆಯರದೇ ತಂಡ ಕಟ್ಟಿಕೊಂಡು 7105 ಮೀಟರ್ ಎತ್ತರದ ಕೊರ್ಝೆನೆವ್‌ಸ್ಕಾಯಾ ಶಿಖರ ಮುಟ್ಟಿ ಬಂದಿದ್ದವರು. ಹುಡುಗಾಟಕ್ಕೆ ಹೋದವರಲ್ಲ. ಆಗಸ್ಟ್ 5ರಂದು ಅವರು ಲೆನಿನ್ ಶಿಖರದ ತುದಿ ತಲುಪಿದರು. ಇನ್ನೊಂದು ಕಡೆಯಿಂದ ಇಳಿಯುವ ಯೋಜನೆಯಿತ್ತು. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಅವರ ಡೇರೆಗಳಿಗೆ ಜಿಪ್ ಇರಲಿಲ್ಲ, ಕಟ್ಟಿಗೆಯ ಗುಂಡಿಗಳಿದ್ದವು. ಗಾಳಿ ಡೇರೆಗಳನ್ನು ಹರಿದುಹಾಕಿತು, ಸಾಮಾನು ಹಾರಿಸಿಕೊಂಡು ಹೋಯಿತು. ಕಾಯಿಲೆ ಬಿದ್ದ ಗೆಳತಿಯರನ್ನು ಬಿಟ್ಟು ಇಳಿಯಲಾರೆವು ಎಂದು ಅವರು ರೇಡಿಯೊದಲ್ಲಿ ತಿಳಿಸಿದ್ದರು. 7ನೇ ತಾರೀಖಿಗೆ ಎಂಟೂ ಜನ ತೀರಿಕೊಂಡರು.

ಇನ್ನು ಗಂಡಸಿನ ಮಾತು. ಅದೇ ಬೆಟ್ಟದ ಮೇಲಿದ್ದ ಜಪಾನಿ ಆರೋಹಿಗಳು ರೇಡಿಯೊ ಕೇಳಿ ನೆರವಿಗೆ ಹೊರಟರು, ಗಾಳಿಗೆ ಎದುರು ನಿಲ್ಲಲಾಗದೆ ಹಿಂದಿರುಗಿದರು. ಅದೇ ಬೇಸಿಗೆಯಲ್ಲಿ ಪಾಮಿರ್‌ನಲ್ಲಿಯೇ ಅಮೆರಿಕದ ಆರೋಹಿ ಗ್ಯಾರಿ ಉಲ್ಲಿನ್ ಹಿಮಕುಸಿತಕ್ಕೆ ಬಲಿಯಾದರು. 1990ರ ಜುಲೈನಲ್ಲಿ ಭೂಕಂಪದಿಂದ ಹಿಮ ಜರಿದು ಇದೇ ಲೆನಿನ್ ಶಿಖರದ ಶಿಬಿರವೊಂದರಲ್ಲಿ 43 ಜನ ಸತ್ತರು. ಪಳಗಿದ ಗಂಡಸರಿದ್ದ ತಂಡಗಳು ಅವು. ಅವರ ಬಗ್ಗೆ ಯಾರೂ ‘ಗಂಡಸರಿಗೆ ಈ ಹಠ ಬೇಕಿತ್ತೇ’ ಎಂದು ಕೇಳಿದ್ದು ನಾನಂತೂ ಓದಿಲ್ಲ.

ಕವಿತೆಯಲ್ಲಿ ಮಾತನಾಡುವವಳು ತೀರಿಕೊಂಡ ಎಲ್ವೀರಾ. ತನ್ನನ್ನು ಹುಡುಕಿ ಬೆಟ್ಟ ಹತ್ತಿ ಬಂದ ಗಂಡನಿಗೆ ಹೇಳುತ್ತಾಳೆ. ಗಂಡ ವ್ಲಾದಿಮಿರ್ ಸ್ವತಃ ಪರ್ವತಾರೋಹಿ, ನಿಜವಾಗಿಯೂ ಮೇಲೆ ಹೋಗಿ ಹೆಂಡತಿಯ ದೇಹ ಕಂಡವರು. ಕೆಳಗೆ ಒಬ್ಬೊಬ್ಬರೇ ಬದುಕುತ್ತಿದ್ದಾಗಲೇ ನಾವು ಅಪಾಯದಲ್ಲಿದ್ದೆವು, ನಮ್ಮ ಶಕ್ತಿ ಏನೆಂದು ಗೊತ್ತಾದದ್ದು ಇಲ್ಲಿ, ಎಲ್ಲರೂ ಒಂದೇ ಹಗ್ಗಕ್ಕೆ ಸೇರಿದಾಗ ಎಂಬುದು ಅವಳ ಮಾತಿನ ತಿರುಳು. ಇದನ್ನು ಕೆಲವರು ಗಂಡನನ್ನು ತಳ್ಳಿಹಾಕುವ ಕವಿತೆ ಎಂದು ಓದುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅವನ ಮೇಲೆ ಮನಸ್ಸಿರುವುದಕ್ಕೇ ಅವಳು ಅವನನ್ನು ಕರೆದು ಹೇಳುತ್ತಿದ್ದಾಳೆ. ಆದರೆ ಗೆಳತಿಯರ ಜೊತೆಗಿನ ಬದುಕನ್ನು ಅವನ ಕಥೆಯ ಒಂದು ಅಧ್ಯಾಯವಾಗಿ ಬಿಟ್ಟುಕೊಡಲು ಅವಳು ತಯಾರಿಲ್ಲ.

ಗೆಳತಿಯರ ನಡುವಿನ ಈ ಪ್ರೀತಿ ಎಂಥದ್ದೆಂದು ನಾನು ಪುಸ್ತಕದ ಆಚೆ ನೋಡಿದ್ದು ಬಾದಾಮಿಯಲ್ಲಿ. ಬಾಗಲಕೋಟೆಯಲ್ಲಿರುವ ನನ್ನ ತಂಗಿಯ ಮಗಳು ಚಳಿಗಾಲದ ಭಾನುವಾರಗಳಲ್ಲಿ ಬಂಡೆ ಹತ್ತಲು ಬರುತ್ತಾಳೆ. ಜೋಡಿಗೆ ಅವಳ ಕಾಲೇಜಿನ ಗೆಳತಿ. ಕೆಂಪು ಮರಳುಗಲ್ಲಿಗೆ ಬಡಿದ ಬೋಲ್ಟ್‌ಗಳಿಗೆ ಹಗ್ಗ ಸಿಕ್ಕಿಸುತ್ತ ಒಬ್ಬಳು ಮೇಲೆ ಹೋದರೆ, ಇನ್ನೊಬ್ಬಳು ಕೆಳಗೆ ಸೊಂಟದ ಹಾರ್ನೆಸ್‌ಗೆ ಹಗ್ಗ ಹಾಯಿಸಿ, ಕತ್ತು ಮೇಲೆತ್ತಿ ನಿಂತಿರುತ್ತಾಳೆ. ಮೇಲಿನವಳು ಜಾರಿದರೆ ಹಗ್ಗ ಬಿಗಿಹಿಡಿದು ತಡೆಯುವ ಈ ಕೆಲಸಕ್ಕೆ ಅವರು ಬಿಲೇ ಅನ್ನುತ್ತಾರೆ. ಬಲಗೈ ಹಗ್ಗದಿಂದ ಒಂದು ಕ್ಷಣವೂ ಕದಲುವಂತಿಲ್ಲ. ಅಂದು ಕೆಳಗೆ ನಿಂತಿದ್ದವಳು ನಮ್ಮ ಹುಡುಗಿ. ನೀರು ಬೇಕೇನವ್ವ ಎಂದು ಕೇಳಿದ್ದಕ್ಕೆ, ‘ದೊಡ್ಡವ್ವಾ, ಈಗ ಮಾತಾಡಸಬ್ಯಾಡ, ಆಕಿ ಮ್ಯಾಲಿದ್ದಾಳ’ ಎಂದಳು, ನನ್ನ ಕಡೆ ತಿರುಗದೆ. ಸ್ವಲ್ಪ ಹೊತ್ತಿಗೆ ಮೇಲಿನವಳ ಕಾಲು ಜಾರಿತು. ಹಗ್ಗ ಜಗ್ಗಿದ ರಭಸಕ್ಕೆ ಇವಳ ಪಾದ ನೆಲ ಬಿಟ್ಟು, ಭುಜ ಬಂಡೆಗೆ ಬಡಿದು ತೋಳು ತರಚಿತು. ಬಲಗೈ ಮಾತ್ರ ಹಗ್ಗದ ಮೇಲೆಯೇ ಇತ್ತು. ಮೇಲಿನವಳು ಉಸಿರು ತಗೊಂಡು ಮತ್ತೆ ಹತ್ತಿದಳು.

ಕವಯಿತ್ರಿಯ ಜೊತೆ ನನಗೂ ಒಂದು ತಕರಾರಿದೆ. ಕವಿತೆಯ ಕೊನೆಯಲ್ಲಿ ಸಾವು ಜೀವಮಾನದ ಕನಸು ಕೈಗೂಡಿದಂತೆ ಹೊಳೆಯುತ್ತದೆ. ಆ ಹೆಂಗಸರು ಸಾಯಲು ಹೋಗಿರಲಿಲ್ಲ. ಇಳಿದು ಬರಬೇಕೆಂದಿದ್ದರು, ಮತ್ತೆ ಬೇರೆ ಶಿಖರ ಹತ್ತಬೇಕೆಂದಿದ್ದರು. ಒಳ್ಳೆಯ ಡೇರೆ ಇದ್ದಿದ್ದರೆ ಇಳಿಯುತ್ತಿದ್ದರೋ ಏನೋ. ನಾನು ಈ ಕವಿತೆಯಲ್ಲಿ ದೊಡ್ಡದೆಂದು ಹಿಡಿಯುವುದು ಅವರ ಸಾವನ್ನಲ್ಲ, ಬಿಟ್ಟು ಬರಲಾರೆವು ಎಂದ ಆ ನಿರ್ಧಾರವನ್ನು.

‘ನಾವು’ ಎಂದು ಮತ್ತೆ ಮತ್ತೆ ಹೇಳುವ ಕವಿತೆಯ ತಲೆಬರಹದಲ್ಲೂ ಒಬ್ಬಳ ಹೆಸರೇ ಇದೆ. ನಿಮ್ಮ ಲೇಖನದಲ್ಲೂ ಅಷ್ಟೇ. ದಯವಿಟ್ಟು ಎಂಟೂ ಹೆಸರು ಅಚ್ಚಾಗಲಿ: ಎಲ್ವೀರಾ ಶತಾಯೆವಾ, ಇಲ್ಸಿಯಾರ್ ಮುಖಮೆದೊವಾ, ನೀನಾ ವಸೀಲ್ಯೆವಾ, ವಲೆಂತಿನಾ ಫತೇಯೆವಾ, ಇರೀನಾ ಲ್ಯುಬಿಮ್‌ತ್ಸೆವಾ, ಗಲೀನಾ ಪೆರೆಖೋದ್ಯುಕ್, ತತ್ಯಾನಾ ಬರ್ದಾಶೆವಾ, ಲ್ಯುದ್ಮಿಲಾ ಮಂಝರೋವಾ.

ಇಷ್ಟು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಹುಡುಗಿಯ ಆ ಗೆಳತಿಯ ಅಪ್ಪ ನಿಮ್ಮ ಪತ್ರಿಕೆಯ ಓದುಗರು. ಆ ಪ್ರತಿಕ್ರಿಯೆಯನ್ನು ಮನೆಮಂದಿಗೆಲ್ಲ ಓದಿ ತೋರಿಸಿ, ಇನ್ನು ಬಾದಾಮಿ ಬಂಡೆ ಸಾಕು ಎಂದರಂತೆ. ಮಗಳ ಮೇಲಿನ ಜೀವಕ್ಕೇ ಅವರು ಹಾಗೆ ಅಂದಿರಬೇಕು, ಅದು ನನಗೆ ಅರ್ಥವಾಗುತ್ತದೆ. ಅವರಲ್ಲಿ ನನ್ನ ಕೋರಿಕೆ ಒಂದೇ. ಒಂದು ಭಾನುವಾರ ನಮ್ಮ ಊರಿಗೆ ಬನ್ನಿ. ನಿಮ್ಮ ಮಗಳು ಹಗ್ಗ ಕಟ್ಟುವುದನ್ನು, ಗಂಟನ್ನು ಗೆಳತಿ ಮುಟ್ಟಿ ಪರೀಕ್ಷಿಸುವುದನ್ನು ನಿಂತು ನೋಡಿ. ಊಟ ನಮ್ಮ ಮನೆಯಲ್ಲಿ. ಬೇಕೋ ಬೇಡವೋ ಎಂಬುದನ್ನು ಆಮೇಲೆ ಅವಳ ಜೊತೆಗೇ ಕೂತು ಮಾತಾಡಿ.

ಇತಿ,
ನಿವೃತ್ತ ಇಂಗ್ಲಿಷ್ ಉಪನ್ಯಾಸಕಿ,
ಬಾದಾಮಿ, ಬಾಗಲಕೋಟೆ ಜಿಲ್ಲೆ