ಬೂಷ್ಟು ತೆಗೆಯುವ ಕ್ಲೀನರ್ ಎಂದು ಆಸಿಡ್ ಮಾರಿದ್ದರ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಟೈಲ್ಸ್ ಕ್ಲೀನರ್ ತಯಾರಿಸುವ ಕಂಪನಿ

ಇವರಿಂದ,
ಒಬ್ಬ ಗ್ರಾಹಕಿ,
ಮಾಳಮಡ್ಡಿ, ಧಾರವಾಡ

ವಿಷಯ: ಟೈಲ್ಸ್ ಸಂದಿ ಹಾಳಾಗಿದ್ದು, ಕೆಲಸದಾಕೆಯ ಕೈ ಸುಟ್ಟಿದ್ದು ಮತ್ತು ಲೇಬಲ್ಲಿನ ಸುಳ್ಳು ಮಾತುಗಳ ಬಗ್ಗೆ

ಮಾನ್ಯರೇ,

ನಿಮ್ಮ ಟೈಲ್ಸ್ ಕ್ಲೀನರ್‌ನ 500 ಎಂಎಲ್ ಬಾಟಲಿಯನ್ನು ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯೊಂದರಲ್ಲಿ 245 ರೂಪಾಯಿ ಕೊಟ್ಟು ತಂದೆ. ಬಾಟಲಿಯ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಮೂರು ಮಾತು ಬರೆದಿದ್ದೀರಿ. ಬೂಷ್ಟು ಬುಡಸಮೇತ ಹೋಗುತ್ತದೆ, ಟೈಲ್ಸ್ ಸಂದಿಗೆ ತುಂಬುವ ಗ್ರೌಟ್‌ಗೆ ಏನೂ ಆಗುವುದಿಲ್ಲ, ಎಲ್ಲ ತರಹದ ನೆಲಕ್ಕೂ ನಡೆಯುತ್ತದೆ. ನಮ್ಮ ಬಚ್ಚಲಲ್ಲಿ ಮೂರೂ ಸುಳ್ಳಾದವು.

ಧಾರವಾಡದ ಮಳೆ ನಿಮಗೆ ಗೊತ್ತಿರಲಿಕ್ಕಿಲ್ಲ. ಜೂನ್‌ನಲ್ಲಿ ಹಿಡಿದುಕೊಂಡರೆ ಸೆಪ್ಟೆಂಬರ್‌ವರೆಗೂ ಜಿಟಿಜಿಟಿ. ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಚ್ಚಲು ಎಲ್ಲಿ ಒಣಗಬೇಕು? ಮಲಪ್ರಭಾ ನೀರು ನಮ್ಮ ಓಣಿಗೆ ದಿನಾ ಬರುವುದಿಲ್ಲ. ಬಂದಾಗ ಡ್ರಮ್ಮು, ಬಕೆಟ್ಟು, ಕೊಡ ಎಲ್ಲವನ್ನೂ ತುಂಬಿ ಬಚ್ಚಲಲ್ಲೇ ಇಟ್ಟುಕೊಳ್ಳುತ್ತೇವೆ. ಅಲ್ಲಿ ಯಾವಾಗಲೂ ತೇವ. ಸೋಪಿನ ಜಿಡ್ಡು, ಮೈಗೆ ಹಚ್ಚಿದ ಎಣ್ಣೆ ಟೈಲ್ಸ್ ಸಂದಿಯಲ್ಲಿ ಕೂತರೆ ಬೂಷ್ಟಿಗೆ ಅದೇ ಊಟ. ನಮ್ಮದು ಹಳೆಯ ಮನೆ, ಸಂದಿಗೆ ತುಂಬಿರುವುದು ಬಿಳಿ ಸಿಮೆಂಟು. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ನೀರು ಹೀರಿಕೊಂಡು ಕೂರುತ್ತದೆ. ನಳದ ಕೆಳಗಿನ ಮೂಲೆ ಮತ್ತು ಡ್ರಮ್ಮಿನ ಹಿಂದಿನ ಗೋಡೆ ಮಳೆಗಾಲದಲ್ಲಿ ಕಪ್ಪಾಗಿಬಿಡುತ್ತವೆ. ಈ ಭಾಗದ ಎಷ್ಟೋ ಮನೆಗಳಲ್ಲಿ ಇದೇ ಗೋಳು. ನಿಮ್ಮ ಬಾಟಲಿಗಳು ಖರ್ಚಾಗುವುದೂ ಇದೇ ಕಾರಣಕ್ಕೆ ಅಲ್ವಾ?

ಬಾಟಲಿಯ ಹಿಂದೆ ಬರೆದ ಹಾಗೆಯೇ ಮಾಡಿದೆವು. ಸಂದಿಯ ಮೇಲೆ ಸುರಿದು, ಹೇಳಿದಷ್ಟು ಹೊತ್ತು ಬಿಟ್ಟು, ಬ್ರಷ್‌ನಿಂದ ತಿಕ್ಕಿದೆವು. ಸುರಿದ ಕೂಡಲೇ ಸಂದಿಯುದ್ದಕ್ಕೂ ಬುರುಬುರು ನೊರೆ ಎದ್ದಿತು. ನೊರೆ ಬಂದರೆ ಬೂಷ್ಟು ಕರಗುತ್ತಿದೆ ಎಂದು ಅರ್ಥ ಎಂದು ನಿಮ್ಮ ಲೇಬಲ್ಲಿನಲ್ಲೇ ಇದೆ. ಆದರೆ ಅಲ್ಲಿ ಕರಗುತ್ತಿದ್ದದ್ದು ಬೂಷ್ಟಲ್ಲ, ಸಿಮೆಂಟು. ಬೆಲೆಯ ಸ್ಟಿಕ್ಕರ್ ಅರ್ಧ ಮುಚ್ಚಿದ್ದ ಜಾಗದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಎಂದಿದೆ. ಆಸಿಡ್ ಬಿದ್ದರೆ ಸಿಮೆಂಟಿನಲ್ಲಿರುವ ಸುಣ್ಣದ ಅಂಶ ಕರಗಿ ಅದರಿಂದ ಕಾರ್ಬನ್ ಡೈಆಕ್ಸೈಡ್ ಗಾಳಿ ಹೊರಗೆ ಬರುತ್ತದೆ. ಆ ನೊರೆ ಅದೇ.

ಬಚ್ಚಲು ಒಣಗಿದ ಮೇಲೆ ಸಂದಿಯ ಮೇಲೆ ಉಗುರು ಆಡಿಸಿ ನೋಡಿದೆ. ರಂಗೋಲಿ ಪುಡಿಯ ಹಾಗೆ ಬಿಳಿ ಪುಡಿ ಉದುರಿತು. ಮೊದಲು ಟೈಲ್ಸ್ ಮಟ್ಟಕ್ಕೆ ಇದ್ದ ಸಂದಿ ಈಗ ಒಳಗೆ ಇಳಿದಿದೆ. ನಳದ ಮೂಲೆಯಲ್ಲಿ ಮೇಲಿನ ಕಪ್ಪು ಹೋದರೂ ಒಳಗಿನ ಕರಿ ಚುಕ್ಕೆಗಳು ಇದ್ದಲ್ಲೇ ಇದ್ದವು. ಹೀಗೆ ತಿಂದುಹೋದ ಸಂದಿ ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತದೆ, ಬೂಷ್ಟು ಮೊದಲಿಗಿಂತ ಬೇಗ ಮತ್ತೆ ಬರುತ್ತದೆ. ಆಗ ಜನ ಇನ್ನೊಂದು ಬಾಟಲಿ ತರುತ್ತಾರೆ. ಇದು ನ್ಯಾಯವಾ?

ಬಚ್ಚಲ ಬಾಗಿಲ ಹೊರಗೆ ನಮ್ಮದು ಶಹಾಬಾದ್ ಫರಸಿ. ಅಲ್ಲಿಗೆ ಸಿಡಿದ ಹನಿಗಳು ಬಿದ್ದಲ್ಲೆಲ್ಲ ಕಲ್ಲಿನ ಹೊಳಪು ಹೋಗಿ ಮಂಕು ಕಲೆಗಳಾಗಿವೆ. ಶಹಾಬಾದ್ ಕಲ್ಲು ಎಂದರೆ ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ. ಉತ್ತರ ಕರ್ನಾಟಕದಲ್ಲಿ ಈ ಫರಸಿ ಹಾಸಿದ ಮನೆಗಳು ಲೆಕ್ಕವಿಲ್ಲದಷ್ಟಿವೆ. ಇಲ್ಲಿ ಮಾರುವ ಆಸಿಡ್ ಬಾಟಲಿಯ ಮೇಲೆ ‘ಎಲ್ಲ ನೆಲಕ್ಕೂ’ ಎಂದು ಹೇಗೆ ಬರೆಯುತ್ತೀರಿ?

ಇಷ್ಟೇ ಆಗಿದ್ದರೆ 245 ರೂಪಾಯಿ ಹೋಯಿತು ಎಂದು ಸುಮ್ನೆ ಇರುತ್ತಿದ್ದೆನೋ ಏನೋ. ಆದರೆ ತಿಕ್ಕುತ್ತಿದ್ದದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ. ಅವರಿಗೆ ಕನ್ನಡ ಓದಲು ಬರುತ್ತದೆ. ನಿಮ್ಮ ಬಾಟಲಿಯ ಮೇಲೆ ಕನ್ನಡದ ಒಂದು ಅಕ್ಷರವೂ ಇಲ್ಲ. ಗ್ಲೌಸ್ ಹಾಕಿಕೊಳ್ಳಿ ಎಂಬ ಮಾತು ಇಂಗ್ಲಿಷಿನಲ್ಲೂ ಇಲ್ಲ. ಅವರ ಬಲಗೈ ಬೆರಳುಗಳ ಸಂದು ಕೆಂಪಾಗಿ ಚರ್ಮ ಸುಲಿಯಿತು. ನಳದ ಕೆಳಗೆ ತುಂಬಾ ಹೊತ್ತು ಕೈ ಹಿಡಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅದಕ್ಕಿಂತ ಹೆದರಿಕೆಯಾದದ್ದು ಇನ್ನೊಂದು. ವಾಸನೆ ಬರಬಾರದು ಎಂದು ಮೋರಿಯ ಜಾಲಿಯ ಸುತ್ತ ಬ್ಲೀಚಿಂಗ್ ಪೌಡರ್ ಉದುರಿಸುವುದು ಇಲ್ಲಿನ ಮನೆಗಳಲ್ಲಿ ರೂಢಿ. ನಿಮ್ಮ ದ್ರಾವಣ ಹರಿದು ಅಲ್ಲಿಗೆ ಹೋದಾಗ ಮೂಗು ಕೊರೆಯುವ ವಾಸನೆ ಎದ್ದು ಅವರು ಕೆಮ್ಮುತ್ತ ಹೊರಗೆ ಓಡಿ ಬಂದರು. ಬ್ಲೀಚಿಂಗ್ ಜತೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ, ಅದು ಶ್ವಾಸಕೋಶವನ್ನೇ ಸುಡುವ ವಿಷ. ಕಿಟಕಿ ತೆರೆದಿತ್ತು, ಬದುಕಿಕೊಂಡರು. ಕಿಟಕಿಯೇ ಇಲ್ಲದ ಬಚ್ಚಲುಗಳು ಎಷ್ಟಿಲ್ಲ? ‘ಬ್ಲೀಚಿಂಗ್ ಪೌಡರ್ ಜತೆ ಸೇರಿಸಬೇಡಿ’ ಎಂಬ ಒಂದು ಸಾಲು ಅಚ್ಚು ಹಾಕಲು ನಿಮಗೆ ಏನು ಖರ್ಚಾಗುತ್ತಿತ್ತು?

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಹಿಂದಿಯಲ್ಲಿ ಮಾತಾಡಿದವರು ‘ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬಿಡಿ’ ಎಂದರು. ಸಂದಿ ತಿಂದುಹೋಗಿದೆ, ಒಬ್ಬರ ಕೈ ಸುಟ್ಟಿದೆ ಎಂದು ಹೇಳಿದ ಮೇಲೂ ಅದೇ ಮಾತು. ದೂರಿನ ನಂಬರನ್ನೂ ಕೊಡಲಿಲ್ಲ.

ಬೂಷ್ಟಿಗೆ ಬೇಕಾದದ್ದು ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಅದೂ ನಿಮ್ಮ ಬೆಲೆಯ ಒಂದು ಸಣ್ಣ ಪಾಲಿಗೆ. ಮೊದಲು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಿಂದ ಸೋಪಿನ ಜಿಡ್ಡು ತಿಕ್ಕಿ, ಚೆನ್ನಾಗಿ ತೊಳೆಯಬೇಕು. ಆಮೇಲೆ ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಿ, ತಳ ಕೂತ ಮೇಲೆ ತಿಳಿನೀರನ್ನು ಸಂದಿಗೆ ಹಚ್ಚಿ 10–15 ನಿಮಿಷ ಬಿಟ್ಟು ತೊಳೆಯಬೇಕು. ಕಿಟಕಿ ತೆರೆದಿರಬೇಕು, ಕೈಗೆ ಗ್ಲೌಸ್ ಇರಬೇಕು, ಬೇರೆ ಯಾವ ಕ್ಲೀನರೂ ಜತೆಗೆ ಬೀಳಬಾರದು. ಪೌಡರ್ ಹೊಸದಿರಬೇಕು, ಬಾಯಿ ತೆರೆದಿಟ್ಟ ಪೊಟ್ಟಣದ್ದು ಕಸುವು ಕಳೆದುಕೊಂಡಿರುತ್ತದೆ. ಕ್ಲೋರಿನ್ ವಾಸನೆ ಆಗದವರಿಗೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಇದೆ, ಸ್ವಲ್ಪ ದುಬಾರಿ. ವಿನೆಗರ್ ಕೂಡ ಆಸಿಡ್ಡೇ, ಸೌಮ್ಯ ಅಷ್ಟೇ. ಅದನ್ನೂ ಸಿಮೆಂಟ್ ಸಂದಿಗೆ, ಫರಸಿಗೆ ಮುಟ್ಟಿಸಬಾರದು, ಬ್ಲೀಚಿಂಗ್ ಜತೆ ಬೆರೆಸಲೂಬಾರದು. ಬಾತ್‌ರೂಮ್ ಒಣಗದಿದ್ದರೆ ಇವು ಯಾವುವೂ ಬಹಳ ದಿನ ನಿಲ್ಲುವುದಿಲ್ಲ, ನಿಜ. ಆದರೆ ಬ್ಲೀಚಿಂಗ್ ಆಗಲಿ ಪೆರಾಕ್ಸೈಡ್ ಆಗಲಿ ಸಿಮೆಂಟನ್ನು ಹೀಗೆ ತಿಂದುಹಾಕುವುದಿಲ್ಲ.

ನಿಮ್ಮ ದ್ರಾವಣಕ್ಕೂ ಒಂದು ಕೆಲಸ ಇದೆ. ಬೋರ್‌ವೆಲ್ ನೀರಿನಿಂದ ಕಮೋಡಿಗೆ ಉಪ್ಪು ಕಟ್ಟಿದ ಬಿಳಿ ಕಲೆಗೆ ಆಸಿಡ್ ಬೇಕೇ ಬೇಕು. ಹಾಗೆಂದು ಹೇಳಿ ಮಾರಿ, ಯಾರೂ ಬೇಡ ಅನ್ನುವುದಿಲ್ಲ. ಉಪ್ಪಿನ ಕಲೆಗೆ ಮಾಡಿದ್ದನ್ನು ಬೂಷ್ಟಿನ ಹೆಸರಿನಲ್ಲಿ ದುಪ್ಪಟ್ಟು ಬೆಲೆಗೆ ಮಾರುವುದು ಮೋಸ. ಕೈ ಬಿಗಿ ಹಿಡಿದು ಸಂಸಾರ ಮಾಡುವವರು 245 ರೂಪಾಯಿ ಕೊಡುವುದು ಮುಂಭಾಗದ ಆ ಮೂರು ಮಾತು ನಂಬಿ.

ನನಗೆ ಬೇಕಾದದ್ದು ಇಷ್ಟು. ಬಾಟಲಿಯ ಹಣ ವಾಪಸ್ ಕೊಡಿ. ಸಂದಿ ಕೆರೆದು ಹೊಸದಾಗಿ ಗ್ರೌಟ್ ತುಂಬಿಸಲು ಗೌಂಡಿ ಬರೆದುಕೊಟ್ಟ ಖರ್ಚು ಮತ್ತು ಅಕ್ಕನ ಆಸ್ಪತ್ರೆ ಖರ್ಚು ಕೊಡಿ. ಕೈ ವಾಸಿಯಾಗುವವರೆಗೆ ಅವರು ಬೇರೆ ಮನೆಗಳಲ್ಲಿ ಕಳೆದುಕೊಂಡ ಕೂಲಿಯನ್ನೂ ಅವರ ಕೈಗೇ ಕೊಡಿ, ಇದನ್ನು ನಾನು ಬಿಡುವುದಿಲ್ಲ. ಲೇಬಲ್ ಬದಲಿಸಿ. ಆಸಿಡ್ ಇದೆ ಎಂಬುದು ಮುಂಭಾಗದಲ್ಲಿ ಕನ್ನಡದಲ್ಲೂ ಇರಬೇಕು. ಸಿಮೆಂಟ್ ಸಂದಿ, ಶಹಾಬಾದ್ ಫರಸಿ, ಕಡಪಾ ಕಲ್ಲು, ಮಾರ್ಬಲ್‌ಗೆ ಬಳಸಬಾರದು ಎಂದೂ ಬ್ಲೀಚಿಂಗ್ ಜತೆ ಸೇರಿಸಬಾರದು ಎಂದೂ ಬರೆಯಿರಿ. ಅಲ್ಲಿಯವರೆಗೆ ಈಗಿನ ಬಾಟಲಿಗಳನ್ನು ಅಂಗಡಿಗಳಿಂದ ವಾಪಸ್ ತೆಗೆದುಕೊಳ್ಳಿ.

2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಕಲಂ ಪ್ರಕಾರ, ಸರಿಯಾಗಿ ಬಳಸುವ ವಿಧಾನ ಮತ್ತು ಎಚ್ಚರಿಕೆ ಹೇಳದೆ ಮಾರಿದ ವಸ್ತುವಿನಿಂದ ಹಾನಿಯಾದರೆ ತಯಾರಕರೇ ಹೊಣೆ. ಪತ್ರ ತಲುಪಿದ 30 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ.

ರಸೀದಿ, ಡಾಕ್ಟರ ಚೀಟಿ, ಗೌಂಡಿಯ ಅಂದಾಜು ಪಟ್ಟಿ ಮತ್ತು ಫೋಟೊಗಳ ಪ್ರತಿ ಇದರ ಜತೆ ಇವೆ. ಅರ್ಧ ಉಳಿದ ಬಾಟಲಿಯನ್ನು ಮುಚ್ಚಳ ಬಿಗಿದು ತೆಗೆದಿಟ್ಟಿದ್ದೇನೆ. ಪರೀಕ್ಷೆ ಮಾಡುವುದಿದ್ದರೆ ನಿಮ್ಮವರನ್ನು ಕಳಿಸಿ, ನನ್ನ ಎದುರಿಗೇ ಮಾದರಿ ತೆಗೆದುಕೊಳ್ಳಲಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುತ್ತಿರುವ ಗ್ರಾಹಕಿ